ಬ್ಯಾಂಕಾಕಿನಲ್ಲಿ ಬಾಯಾರಿಕೆ

ಮುಂದಿನ ವಿಮಾನಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಬ್ಯಾಂಕಾಕ್ ನೋಡಿ ಬರೋಣವೆಂದು ಅತ್ತೆಯನ್ನು ಹೊರಡಿಸಿದವಳು ಸೊಸೆಯೇ. ಜಾತಿ ಬೇರೆಯೆಂದು ಮದುವೆಯಾದಾಗಿನಿಂದ ತನ್ನನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡದ ಆ ಹೆಂಗಸನ್ನು ಅವಳು ಗಾಜಿನ ಕಟ್ಟಡಗಳ ನಡುವೆ, ಉರಿಬಿಸಿಲಲ್ಲಿ, ಮನಸಾರೆ ಸುತ್ತಿಸಿದಳು.

“ಗಂಟಲು ಒಣಗ್ತಿದೆ ಕಣೇ. ಸೀಲ್ ಒಡೆಯದ ನೀರಿನ ಬಾಟ್ಲಿ ಕೊಡಿಸು. ಎತ್ತಿ ಕುಡಿದ್ರೆ ನಂಗೆ ನೆತ್ತಿಗೆ ಹತ್ತುತ್ತೆ, ಲೋಟ ತಂದಿದೀಯಾ?”

“ಮನೆಯಿಂದಾನೇ ತಂದಿದೀನಿ ಅತ್ತೆ.”

“ತೊಳೆದಿದ್ದು ತಾನೇ?”

“ದಿನಾ ನಾನೇ ತೊಳೀತೀನಲ್ಲ.”

ಅತ್ತೆ ಸ್ಟೀಲ್ ಲೋಟವನ್ನು ಕಚ್ಚಿ ಗಟಗಟ ಕುಡಿದು, “ಇನ್ನೊಂದ್ಸಲ ಹಾಕು” ಎಂದು ಚಾಚಿದರು.

ಸೊಸೆ ತುಳುಕುವಂತೆ ತುಂಬಿಸಿದಳು.

“ಗುರುತು ಸಿಗ್ಲಿಲ್ವಾ ಅತ್ತೆ? ನಂಗೇ ಅಂತ ಹಿತ್ತಲ ಕಟ್ಟೆ ಮೇಲೆ ಬೇರೆ ಇಟ್ಟಿದೀರಲ್ಲ, ಅದೇ ಲೋಟ ಇದು.”