ಮೇಜಿನ ಮೇಲಿನ ಬೆತ್ತ

ಸುಜಾತಾ ಬೆಳಿಗ್ಗೆ ಬೋರ್ಡು ಒರೆಸುತ್ತಿದ್ದಾಗಲೇ, ಅವಳ ಪಾಠ ನೋಡಿ ಅಂಕ ಕೊಡಬೇಕಿದ್ದ ಬಿ.ಎಡ್. ಕಾಲೇಜಿನ ಮೇಷ್ಟ್ರು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಯಾದಗಿರಿಯಿಂದ ಬಂದು ಹಲಸೂರಿನ ಈ ಶಾಲೆಯಲ್ಲಿ ಪಾಠ ಮಾಡಲು ಕಲಿಯುತ್ತಿದ್ದಳು ಅವಳು. ಇವತ್ತಿನ ಪಾಠ ಕೆಟ್ಟರೆ ವರ್ಷವೇ ಹೋದಂತೆ.

“ಏನಮ್ಮಾ, ಇನ್ನೂ ಒರೆಸ್ತಾನೇ ಇದ್ದೀಯಾ? ಶುರು ಮಾಡು,” ಎಂದರು ಅವರು. ಗಾಬರಿಯಲ್ಲಿ ಅವಳು ಒತ್ತಿ ಬರೆಯಹೋಗಿ ಸೀಮೆಸುಣ್ಣ ಮುರಿಯಿತು. ಮಕ್ಕಳು ಯಾರೂ ನಗಲಿಲ್ಲ.

“ಇಲ್ದಿದ್ರೆ ತಲೆ ಮೇಲೆ ಹತ್ತಿ ಕೂರ್ತವೆ” ಎಂದು ಕ್ಲಾಸ್ ಟೀಚರ್ ಕೊಟ್ಟಿದ್ದ ಬೆತ್ತ ಮೇಜಿನ ಮೇಲಿತ್ತು. ನಿನ್ನೆ ಸುಜಾತಾ ಅದರಿಂದಲೇ ಮುಂದಿನ ಸಾಲಿನ ಹಂಸಳ ಅಂಗೈಗೆ ಬಾರಿಸಿದ್ದಳು. ಈಗ ಹಂಸ ಮೆಲ್ಲಗೆ ಎದ್ದು ಬೆತ್ತವನ್ನು ಎಳೆದುಕೊಂಡು ಲಂಗದ ಮರೆಯಲ್ಲಿ ಬಚ್ಚಿಟ್ಟಳು.

ಇಷ್ಟು ದಿನ ಬಾಯಿಯೇ ಬಿಡದಿದ್ದವಳು ಕೊನೆಯ ಬೆಂಚಿನತ್ತ ನೋಡಿ ಕೇಳಿಯೇಬಿಟ್ಟಳು: “ಮಿಸ್, ಅವ್ರು ನಿಮ್ಗೂ ಹೊಡೀತಾರಾ?”