ಕದ್ದ ದಾಸವಾಳ

ದಿನಾ ಬೆಳಗ್ಗೆ ಪೂಜೆಗೆಂದು ತನ್ನ ದಾಸವಾಳ ಕದಿಯುತ್ತಿದ್ದ ಎದುರುಮನೆಯ ಪಂಕಜಾಕ್ಷಿಯನ್ನು ವನಮಾಲಾ ಕೊನೆಗೂ ಹಿಡಿದಳು. ಜಗಳ ಬೇಡವೆಂದು ಕಾಲೋನಿಯ ಮಹಿಳಾ ಸಂಘ ತೀರ್ಪು ಕೊಟ್ಟಿತು: ಇಬ್ಬರೂ ಸೇರಿ ವನಮಾಲಾಳ ಕಾಂಪೌಂಡ್ ಗೋಡೆಯ ಮೇಲೆ ಕದ್ದ ಹೂಗಳ ಚಿತ್ರ ಬರೆಯಬೇಕು.

ಮೊದಲ ದಿನ ಒಬ್ಬಳು ಗೋಡೆಯ ಆ ತುದಿ, ಇನ್ನೊಬ್ಬಳು ಈ ತುದಿ ಹಿಡಿದು ಬರೆದರು. ಮರುದಿನ ವನಮಾಲಾಳಿಗೆ ತಡೆಯಲಾಗಲಿಲ್ಲ.

"ಇದೇನ್ರೀ, ದಾಸವಾಳವೋ ಮೆಣಸಿನಕಾಯಿ ಬಜ್ಜಿಯೋ?"

"ಕತ್ತಲಲ್ಲಿ ಕೀಳ್ತಿದ್ದೆ. ಸರಿಯಾಗಿ ನೋಡಿದ್ರೆ ತಾನೆ!"

ಇಬ್ಬರೂ ನಕ್ಕರು. ಆಮೇಲೆ ಅತ್ತೆಯರ ಕಥೆ, ಗಂಡಂದಿರ ಗೊರಕೆ ಎಲ್ಲವೂ ಬಂತು. ವನಮಾಲಾ ವರ್ಷಗಳಿಂದ ಇಷ್ಟು ಮಾತಾಡಿರಲಿಲ್ಲ.

ಗೋಡೆ ತುಂಬಿತು. ಸಂಘದವರು ಬಂದು ಚಪ್ಪಾಳೆ ತಟ್ಟಿ ಹೋದರು.

"ಇನ್ನು ನಿಮ್ಮ ಹೂವಿನ ತಂಟೆಗೆ ಬರಲ್ಲ," ಎಂದು ಪಂಕಜಾಕ್ಷಿ ಹೊರಟಳು.

ವನಮಾಲಾ ಗೇಟಿನವರೆಗೂ ಅವಳ ಹಿಂದೆಯೇ ಓಡಿದಳು.

"ಹಿತ್ತಲ ಗೋಡೆ ಇನ್ನೂ ಖಾಲಿ ಇದೆ ಕಣ್ರೀ. ನಾಳೆ ಗೇಟಿಗೆ ಬೀಗ ಹಾಕಲ್ಲ, ಬಂದು ಮಲ್ಲಿಗೆ ಕದೀರಿ."