ಮೊದಲ ರೊಟ್ಟಿ

ಒಲೆಯ ಮುಂದೆ ಮತ್ತೊಮ್ಮೆ ತಲೆ ತಿರುಗಿ ಬಿದ್ದಾಗ ಕಸ್ತೂರಿಯನ್ನು ಆಸ್ಪತ್ರೆಗೆ ಕರೆದೊಯ್ದರು.

"ಮೈಯಾಗ ರಕ್ತನ ಇಲ್ಲ. ಎಲ್ಲಾರೂ ಉಂಡು ಉಳಿದದ್ದು ಉಣ್ಣೂದು ಬಿಡವಾ. ಇಲ್ಲಾಂದ್ರ ಮುಂದಿನ ಸಲ ಬೆಂಕಿ ಮ್ಯಾಲೇ ಬೀಳ್ತಿ," ಎಂದರು ಡಾಕ್ಟರು.

ಮರುದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಉಣ್ಣುವ ಮೊದಲೇ ಅವಳು ತನಗೊಂದು ತಾಟು ಹಾಕಿಕೊಂಡಳು. ಆಗಷ್ಟೇ ಬಡಿದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯೆಸೊಪ್ಪು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಗಂಡಸರಿಗಿಂತ ಮೊದಲು ಉಂಡ ಹೆಂಗಸನ್ನು ಅವಳು ಕಂಡಿರಲಿಲ್ಲ.

ತುತ್ತು ಮುರಿಯುವಷ್ಟರಲ್ಲಿ ಅತ್ತೆ ಪಾರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಆ ತಾಟು ಯಾರಿಗೆ?"

"ನನಗರೀ, ಅತ್ತಿ."

"ಗಂಡಸರು ಇನ್ನೂ ಉಂಡಿಲ್ಲ."

"ಹೌದ್ರೀ. ಆದ್ರ ನನಗ ಸಾಯಾಕ ಹೆದರಿಕಿ ಆಗೇತಿ."

ಪಾರವ್ವ ಒಳಗೆ ಬಂದು ಬಾಗಿಲಿಗೆ ಅಗಳಿ ಹಾಕಿದಳು. ಕಸ್ತೂರಿ ಕಣ್ಣು ಮುಚ್ಚಿ ಏಟಿಗೆ ಕಾದಳು. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಅತ್ತೆ ಎದುರಿಗೇ ಕುಳಿತಿದ್ದಳು.

"ನನಗೂ ಒಂದ್ ತುತ್ತು ಕೊಡವಾ," ಎಂದಳು. "ಬಿಸಿ ರೊಟ್ಟಿ ಹೆಂಗಿರತೈತೋ ನೋಡೂಣು."